ಕುದಿಯುತ್ತಿದ್ದ ಕಾರು, ಔರಾದದ ಅಕ್ಕ

ಅಪ್ಪನ ಬಲಗೈಯ ಪಟ್ಟಿ ಬಿಚ್ಚಿ, ಸುಟ್ಟ ಗಾಯ ತೊಳೆದು ಹೊಸ ಬಟ್ಟೆ ಸುತ್ತುತ್ತಿದ್ದಾಗ ಟಪಾಲಿನವನು ಅಂಗಳಕ್ಕೆ ಬಂದು ಕಾರ್ಡು ಕೊಟ್ಟುಹೋದ. ಔರಾದದ ಕಾರ್ಡು, ಅಕ್ಕನ ಅಕ್ಷರ. ನನ್ನ ಕೈ ಖಾಲಿ ಇರಲಿಲ್ಲವಾದ್ದರಿಂದ ಅವ್ವ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದಳು.

"ನಾವೆಲ್ಲಾ ಆರಾಮ ಅದೀವಿ. ಕಾಲು ಭಾಳ ಬಾತಾವ, ಚಪ್ಪಲಿ ಹಿಡಿಯವಲ್ವು. ನಾಕು ದಿನ ಆಯ್ತು, ತಲಿ ಒಂದೇ ಸವನ ಸಿಡಿಲತ್ತದ. ನಿನ್ನಿಯಿಂದ ಕಣ್ಣ ಮುಂದ ಚುಕ್ಕಿ ಚುಕ್ಕಿ ಕಾಣ್ತಾವ. ಬಿಸಲಿಗಿ ಇರಬೇಕು. ಚಿಂತಿ ಮಾಡಬ್ಯಾಡ್ರಿ."

"ಬಿಸಲಿಗೇ ಇರಬೇಕು," ಎಂದು ಅವ್ವ ಕಾರ್ಡು ಮಡಚಲು ಹೋದಳು. ನನ್ನ ಕೈಯಲ್ಲಿದ್ದ ಬಟ್ಟೆಯ ತುದಿ ಜಾರಿ ನೆಲಕ್ಕೆ ಬಿತ್ತು.

ನನಗೆ ಆಗ ಇಪ್ಪತ್ತೆರಡು ವರ್ಷ. ಬೀದರದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಅಕ್ಕ ಎಂಟು ತಿಂಗಳ ಬಸುರಿ, ಚೊಚ್ಚಲು. ಹಿಂದಿನ ಮಳೆಗಾಲದಲ್ಲಿ ಅವಳ ಹಾಗೆಯೇ ಕಾಲು ಬಾತು, ತಲೆನೋವೆಂದು ನಾಲ್ಕು ದಿನ ಮನೆಯಲ್ಲೇ ಮಲಗಿ, ಕಣ್ಣು ಮಂಜಾದ ಮೇಲೆ ಎತ್ತಿನ ಗಾಡಿಯಲ್ಲಿ ಬಂದ ಒಬ್ಬ ಹೆಣ್ಣುಮಗಳನ್ನು ನಾನು ನೋಡಿದ್ದೆ. ಅವಳಿಗೆ ವಾರ್ಡಿನ ಬಾಗಿಲಲ್ಲೇ ಫಿಟ್ಸ್ ಬಂತು. ಮೂರನೆಯ ಸಲ ಬಂದಾಗ ಅವಳ ತಲೆ ಹಿಡಿದುಕೊಂಡಿದ್ದವಳು ನಾನೇ. ಅವಳು ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ. ಆವತ್ತು ಡಾಕ್ಟರಮ್ಮ ಕೈ ತೊಳೆಯುತ್ತ ನಮ್ಮೆಲ್ಲರಿಗೂ ಕೇಳುವಂತೆ ಹೇಳಿದ್ದರು: ಕಣ್ಣ ಮುಂದೆ ಚುಕ್ಕೆ ಕಾಣ್ತವೆ ಅಂತ ಬಸುರಿ ಹೇಳಿದರೆ ಒಂದು ಗಳಿಗೆಯೂ ಮನೆಯಲ್ಲಿ ಇಡಬೇಡಿ.

"ಯಾಕ ಹಂಗ ಕುಂತಿ? ಏನಾಯ್ತು?" ಎಂದು ಅಪ್ಪ ಕೇಳಿದ.

ಹೇಳಿದೆ. ಅವ್ವನ ಎದುರಿಗೆ ಆ ಹೆಣ್ಣುಮಗಳು ಸತ್ತದ್ದನ್ನು ಮಾತ್ರ ಹೇಳಲಿಲ್ಲ. ಆದರೂ ಅವ್ವ ಗೋಡೆಗೆ ಒರಗಿ ಮೆಲ್ಲಗೆ ಕೆಳಗೆ ಕೂತಳು.

ಅಪ್ಪ ಕಾರ್ಡು ತೆಗೆದುಕೊಂಡು ಠಸ್ಸೆಯ ತಾರೀಕು ನೋಡಿದ. ಬರೆದು ಎರಡು ದಿನವಾಗಿತ್ತು. ಆ ದಿನದ ಔರಾದ ಬಸ್ಸು ಹೋಗಿಬಿಟ್ಟಿತ್ತು. ನಾಳೆಯ ಬಸ್ಸು ಹಿಡಿದರೆ ಅಲ್ಲಿಂದ ವಾಪಸು ಬರಲು ನಾಡಿದ್ದು ಬೆಳಗಿನ ತನಕ ಕಾಯಬೇಕು. ದವಾಖಾನೆಯ ಜೀಪು ಹಳ್ಳಿಗಳ ತಿರುಗಾಟಕ್ಕೆ ಹೋಗಿತ್ತು, ವಾರ ಕಳೆಯದೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಇದೆಲ್ಲ ಆಡಿ ಮುಗಿದ ಮೇಲೆ ಮೂವರೂ ಬೇವಿನ ಮರದ ಕಡೆ ನೋಡಿದೆವು. ಅದರ ಕೆಳಗೆ ಕರಿ ಕಾರು ನಿಂತಿತ್ತು. ಅಪ್ಪನ ಕೈ ಸುಟ್ಟಿದ್ದು ಅದೇ.

ಬೀದರದ ಅಂಚಿನ ನೌಬಾದದಲ್ಲಿ ನಮ್ಮಂಥವರ ಮನೆಯ ಮುಂದೆ ಕಾರು ನಿಂತದ್ದು ಹೇಗೆಂದು ಹೇಳಬೇಕು. ನಿಜಾಮರ ಕಾಲದಿಂದಲೂ ಅಪ್ಪ ಒಬ್ಬ ಅಧಿಕಾರಿ ಸಾಹೇಬರ ಡ್ರೈವರಾಗಿದ್ದ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುತ್ತದೆಂದು ಆದಾಗ ಸಾಹೇಬರು ಹೈದರಾಬಾದಿನ ಕಡೆಗೇ ಇರುತ್ತೇನೆಂದು ಬರೆದುಕೊಟ್ಟು ಹೋದರು. ಹೋಗುವಾಗ ಹಳೆಯ ಕಾರನ್ನು, ಇಷ್ಟು ವರ್ಷ ನೀನೇ ಸಾಕಿದ್ದೀ ಎಂದು ಅಪ್ಪನಿಗೇ ಬಿಟ್ಟುಹೋದರು. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ರಾಜ್ಯ ಸೇರಿದ ಮೇಲಿನ ಮೊದಲ ಬೇಸಿಗೆ ಅದು. ಕಚೇರಿಗಳ ಬೋರ್ಡುಗಳಿಗೆ ಹೊಸದಾಗಿ ಕನ್ನಡ ಬರೆಯುತ್ತಿದ್ದರು. ಕಾರಿನ ಸಾಮಾನು ಬೇಕೆಂದರೆ ಮಾತ್ರ ಮೊದಲಿನಂತೆ ಹೈದರಾಬಾದಿಗೇ ಹೋಗಬೇಕಿತ್ತು.

ಮೂರು ದಿನದ ಹಿಂದೆ ಅಪ್ಪ ಒಬ್ಬರನ್ನು ಭಾಲ್ಕಿ ಸ್ಟೇಷನ್ನಿನಿಂದ ಖಟಕ ಚಿಂಚೋಳಿಗೆ ಬಿಟ್ಟು ಬರುತ್ತಿದ್ದ. ಭಾಲ್ಕಿ ದಾಟಿದ ಮೇಲೆ ಎಂಜಿನ್ ಕಾದು ಮುಂದಿನಿಂದ ಹೊಗೆಯಂತೆ ಹಬೆ ಎದ್ದಿತು. ಮೂವತ್ತು ವರ್ಷ ಕಾರು ಓಡಿಸಿದ ಮನುಷ್ಯ, ಆದರೂ ಏನು ಅವಸರವೋ, ಆರಲು ಬಿಡದೆ ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟ. ಒಳಗಿನ ಕುದಿನೀರು ಆಳೆತ್ತರ ಚಿಮ್ಮಿತು. ಮುಖ ತಿರುಗಿಸಿಕೊಂಡದ್ದಕ್ಕೆ ಕಣ್ಣು ಉಳಿದವು. ಬಲಗೈ ಬೆರಳಿನಿಂದ ಮೊಣಕೈವರೆಗೆ ಸುಲಿದುಹೋಯಿತು. ಯಾರೋ ಲಾರಿಯವರು ಕಾರನ್ನು ಹಗ್ಗ ಕಟ್ಟಿ ಎಳೆದು ಮನೆ ಮುಟ್ಟಿಸಿದ್ದರು.

"ನಾ ಹೇಳ್ತೇನಿ, ನೀ ಮಾಡು," ಅಂದ ಅಪ್ಪ.

"ನನಗೇನು ತಿಳಿತದ್ರಿ ಅಪ್ಪಾ, ಎಂಜಿನ್ ಅಂದ್ರ?"

"ನಿನಗ ಮನುಷ್ಯರ ಮೈ ತಿಳಿತದಲ್ಲ. ಅದಕಿಂತ ಇದು ಸಸಾರ. ಸೆರಗು ಕಟ್ಟಿಕೊಂಡು ಬಾ."

ಬೀದರದಲ್ಲಿ ಬೇರೆ ಮೇಸ್ತ್ರಿ ಇರಲಿಲ್ಲವೆಂದಲ್ಲ. ಈ ಹಳೆಯ ಕಾರಿನ ಒಳಹೊರಗು ಬಲ್ಲ ಒಬ್ಬನೇ ಮೇಸ್ತ್ರಿ, ಮಗಳ ಮದುವೆಗೆಂದು ಊರಿಗೆ ಹೋಗಿದ್ದ. ನಾನು ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು, ಜಡೆಯನ್ನು ತಲೆಯ ಮೇಲೆ ಕಟ್ಟಿಕೊಂಡು ಬಂದೆ. ಅಪ್ಪ ಎಡಗೈಯಿಂದ ಬಾನೆಟ್ ಎತ್ತಿ, ಬಲಗೈಯನ್ನು ಎದೆಗೆ ಆನಿಸಿಕೊಂಡು ಪಕ್ಕದಲ್ಲಿ ನಿಂತ. ಒಳಗಿನ ಕಬ್ಬಿಣ, ವಯರು, ಎಣ್ಣೆಯ ಜಿಡ್ಡು ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಆಪರೇಷನ್ ಕೋಣೆಗೆ ಮೊದಲ ಸಲ ಹೋದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಅಲ್ಲಿ ತಪ್ಪಿದರೆ ತಿದ್ದುವವರು ಇದ್ದರು.

ಮೂರು ದಿನದಿಂದ ತಣ್ಣಗೆ ನಿಂತಿದ್ದ ಕಾರು. ಆದರೂ ಮುಚ್ಚಳ ತೆಗೆ ಅಂದಾಗ ನನ್ನ ಕೈ ಮುಂದೆ ಹೋಗಲಿಲ್ಲ.

"ತಣ್ಣಗದ. ಮುಟ್ಟಿ ನೋಡು."

ಮುಟ್ಟಿದೆ. ತಣ್ಣಗಿತ್ತು. ಆದರೂ ಹಸಿ ಗೋಣಿತಾಟು ಹಾಕಿ, ಮುಖ ಹಿಂದಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ತಿರುಗಿಸಿದೆ. ಅಪ್ಪ ನಗಲಿಲ್ಲ. "ಹಾಂಗೇ ತೆಗಿಬೇಕು. ನಾ ತೆಗೆದಂಗಲ್ಲ," ಅಂದ.

ಮೊದಲು ಅಪ್ಪ ಎಣ್ಣೆಯ ಕಡ್ಡಿ ಎಳೆಯಲು ಹೇಳಿದ. ಎಂಜಿನ್ನಿನೊಳಗೆ ಎಣ್ಣೆ ಎಷ್ಟಿದೆ ಎಂದು ಅಳೆಯುವ ಉದ್ದನೆಯ ಕಡ್ಡಿ ಅದು. "ಎಣ್ಣಿ ಕರ್ರಗದನೋ, ಹಾಲು ಹಾಕಿದ ಚಾದಂಗ ಅದನೋ, ಖರೇ ಹೇಳು."

"ಹಾಲಿನಂಗ ಇದ್ರ?"

"ಇದ್ರ ಒಳಗ ನೀರು ಎಣ್ಣಿ ಕೂಡಿದಂಗ. ಎಂಜಿನ್ ತಲಿ ಬಿಚ್ಚಬೇಕಾಗ್ತದ. ಆವಾಗ ಔರಾದದ ಮಾತೇ ಬಿಡಬೇಕು."

ಕಡ್ಡಿಯನ್ನು ಎಳೆದು, ಬಿಸಿಲಿಗೆ ಹಿಡಿದು ನೋಡಿದೆ. ಬೆಳಕಿನ ಹೊಳಪಿಗೆ ತುದಿಯ ಹನಿಯ ಬಣ್ಣವೇ ತಿಳಿಯಲಿಲ್ಲ. ಬೆಳ್ಳನೆಯ ಬಟ್ಟೆಗೆ ಒರೆಸಿದೆ. ಕರ್ರಗಿತ್ತು. ಅಪ್ಪ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, "ಬದುಕಿದೆವು," ಎಂದು ಹೇಳಿದ.

ಅಲ್ಲಿಂದ ಒಂದೊಂದೇ ನೋಡುತ್ತ ಹೋದೆವು. ಕಾರಿನ ಕೆಳಗೆ ಅಂಗಾತ ಮಲಗಿ ಎಲ್ಲಾದರೂ ನೀರು ಸೋರಿದ ಗುರುತು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದೆ. ಬಿಗಿಯಾಗಿತ್ತು. ರೇಡಿಯೇಟರಿನ ಒಳಗೆ ಇಣುಕಿದರೆ ನಮ್ಮ ಬಾವಿಯ ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಹಕ್ಕಳೆ ಕಂಡಿತು.

"ಇದೇ ಇರಬೇಕು. ನಳಿಗಿ ಕಟ್ಟಿಕೊಂಡಾವ," ಅಂದ ಅಪ್ಪ.

ಅವ್ವ ಬಟ್ಟೆ ಒಗೆಯುವ ಸೋಡಾ ತಂದಳು. ಬಿಸಿನೀರಿಗೆ ಸೋಡಾ ಕಲಸಿ ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು, ಕೆಳಗಿನ ರಬ್ಬರ್ ಪೈಪು ಬಿಚ್ಚಿದೆ. ಇಟ್ಟಿಗೆ ಪುಡಿ ಕದಡಿದಂಥ ಕೆಂಪು ನೀರು ಭಸಭಸನೆ ಬಂತು. ಅವ್ವ ಬಾವಿಯಿಂದ ಸೇದಿ ತಂದ ಹಾಗೆ ಹೊಯ್ದೆ, ಮತ್ತೆ ಹೊಯ್ದೆ. ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿತ್ತು. ನಾವು ಯಾರೂ ಉಂಡಿರಲಿಲ್ಲ. ಕೊನೆಗೆ ನೀರು ತಿಳಿಯಾಗಿ ಬಿದ್ದಾಗ ಅವ್ವ ಕೊಡ ಕೆಳಗಿಟ್ಟು, ಕಣ್ಣು ಮುಚ್ಚಿ, ಏನೋ ಪ್ರಾರ್ಥನೆ ಹೇಳಿಕೊಂಡಳು. ನಾನು ಪೈಪು ಮತ್ತೆ ಹಾಕಿ, ಪಟ್ಟಿ ಬಿಗಿದು, ನೀರು ತುಂಬಿದೆ.

ಅಪ್ಪ ಒಳಗೆ ಕೂತು ಚಾಲೂ ಮಾಡಿದ. ಎಂಜಿನ್ ಬಡಬಡಿಸಿತು. ಅಪ್ಪನ ಎದುರಿಗೆ ಗಡಿಯಾರದಂಥ ಒಂದು ಬಿಲ್ಲೆ, ಅದರ ಮುಳ್ಳು ನೀರಿನ ಕಾವು ತೋರಿಸುತ್ತಿತ್ತು. ಕೊನೆಯಲ್ಲಿ ಕೆಂಪು ಗೆರೆ. ಕಾಲು ತಾಸು ನಿಂತಲ್ಲೇ ಓಡಿಸಿದರೂ ಮುಳ್ಳು ಅರ್ಧ ದಾಟಲಿಲ್ಲ. ನನಗೆ ಅಳು ಬಂತು. ಆಗಲೇ ನಾನು ಮನಸ್ಸಿನಲ್ಲಿ ಔರಾದ ಮುಟ್ಟಿ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಯೂ ಆಗಿತ್ತು.

"ಒಂದು ಸುತ್ತು ಹೋಗಿ ಬರೂಣು," ಅಂದ ಅಪ್ಪ.

ಎಡಗೈಯಿಂದ ಸ್ಟೀರಿಂಗ್ ಹಿಡಿದರೆ ಗೇರು ಹಾಕಲು ಅಪ್ಪನಿಗೆ ಇನ್ನೊಂದು ಕೈ ಇರಲಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕೂತು ಬಲಗೈಯಿಂದ ಗೇರಿನ ದಂಡಿಗೆ ಹಿಡಿದೆ. "ಹಿಂದಕ್ಕ ಎಳಿ." ಎಳೆದೆ. "ನಡಬರ್ಕ ತಂದು ಮುಂದಕ್ಕ ನೂಕು." ನೂಕಿದೆ. ಎರಡು ಸಲ ಕರ್ ಎಂದು ಹಲ್ಲು ಕಡಿದಂತೆ ಸದ್ದಾಯಿತು, ಮೂರನೆಯದಕ್ಕೆ ಕೂಡಿತು. ಭಾಲ್ಕಿಯ ದಾರಿ ಹಿಡಿದು ಒಂದು ಮೈಲು ಹೋಗಿರಬೇಕು. ಮುಳ್ಳು ಏಳತೊಡಗಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು. ಅಪ್ಪ ಕಾರು ತಿರುಗಿಸಿದ. ಮನೆಯ ಹತ್ತಿರ ಬರುವಾಗ ಮುಳ್ಳು ಕೆಂಪು ಗೆರೆಯ ಮೇಲೆ ಕೂತಿತ್ತು. ಬೇವಿನ ಮರದ ಕೆಳಗೆ ನಿಲ್ಲಿಸಿದ್ದೇ ಬಾನೆಟ್ಟಿನ ಸಂದುಗಳಿಂದ ಹಬೆ ಹೊರಟು ಒಳಗೆ ಗುಡುಗುಡು ಕುದಿಯುವ ಸದ್ದು ಬಂತು. ನಾನು ಬಾಗಿಲು ತೆರೆದು ಓಡಿ ಬಾವಿಯ ಕಟ್ಟೆಯ ಹಿಂದೆ ಹೋಗಿ ನಿಂತೆ. ಓಡಿದ್ದೇ ನನಗೆ ನೆನಪಿಲ್ಲ. ಅಪ್ಪ ಇನ್ನೂ ಒಳಗೇ ಕೂತಿದ್ದಾನೆ ಎನ್ನುವುದು ಆಮೇಲೆ ಗೊತ್ತಾಯಿತು.

ಅವ್ವ ಹೊರಗೆ ಬಂದು ಹಬೆ ನೋಡಿದಳು. "ನನ್ನ ಮಗಳು ಹೋದಳು," ಎಂದಳು. ಕೂಗಲಿಲ್ಲ. ಮೆಲ್ಲಗೆ ಹೇಳಿದಳು, ಅದರಿಂದ ಇನ್ನೂ ಹೆದರಿಕೆಯಾಯಿತು.

ಆರುವ ತನಕ ಮುಟ್ಟುವಂತಿರಲಿಲ್ಲ. ಆ ಒಂದೂವರೆ ತಾಸು ನಾವು ಮೂವರೂ ನೆರಳಿನಲ್ಲಿ ಕೂತೆವು. ಅವ್ವ ಜೋಳದ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟಳು, ಯಾರೂ ತುತ್ತು ಮುರಿಯಲಿಲ್ಲ. ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಚುಕ್ಕೆ ಕಂಡು ಎಷ್ಟು ತಾಸಾಯಿತು, ಎಷ್ಟು ತಾಸಿನ ಮೇಲೆ ಫಿಟ್ಸ್ ಬರಬಹುದು, ಔರಾದದಲ್ಲಿ ಅದನ್ನು ತಿಳಿದವರು ಯಾರಿದ್ದಾರೆ. ದೆವ್ವ ಬಡಿದಿದೆ ಎಂದು ಯಾರನ್ನಾದರೂ ಕರೆಸಿಬಿಟ್ಟರೆ?

ಕಾರು ತಣ್ಣಗಾದ ಮೇಲೆ ಅಪ್ಪ ಎಂಜಿನ್ನಿನ ಮೇಲ್ಭಾಗದ ಒಂದು ಸಣ್ಣ ಮುಚ್ಚಳ ಬಿಚ್ಚಿಸಿ ಒಳಗಿನಿಂದ ಹಿತ್ತಾಳೆಯ ಬಿಲ್ಲೆಯೊಂದನ್ನು ತೆಗೆಸಿದ. ಬಿಸಿಯಾದಾಗ ತಾನೇ ತೆರೆದುಕೊಂಡು ನೀರಿಗೆ ದಾರಿ ಬಿಡುವ ಕವಾಟ ಅದು. ತೆರೆಯದೆ ಕೂತಿದ್ದರೆ ಎಂಜಿನ್ ಕುದಿಯುತ್ತದೆ. ಅವ್ವ ಒಲೆಯ ಮೇಲೆ ಚಾದ ಪಾತ್ರೆಯಲ್ಲಿ ನೀರಿಟ್ಟಳು. ಬಿಲ್ಲೆಯನ್ನು ದಾರ ಕಟ್ಟಿ ಇಳಿಬಿಟ್ಟು ಮೂವರೂ ಪಾತ್ರೆಗೆ ಬಗ್ಗಿ ನೋಡಿದೆವು. ಅದು ತೆರೆಯದಿರಲಿ, ಇದೇ ರೋಗವಾಗಿರಲಿ ಎಂದು ನಾನು ಬೇಡಿಕೊಂಡೆ. ನೀರು ಕುದಿ ಬರುವ ಮೊದಲೇ ಅದು ಮೆಲ್ಲಗೆ ಬಾಯಿ ತೆರೆಯಿತು. ಚೆನ್ನಾಗಿಯೇ ಇತ್ತು.

ಅಪ್ಪ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟ. ಆಮೇಲೆ ತನ್ನಷ್ಟಕ್ಕೆ ಅಂದುಕೊಳ್ಳುವವನಂತೆ ಹೇಳಿದ: "ನಿಂತಾಗ ಕಾಯೂದಿಲ್ಲ. ಓಡಿದಾಗ ಕಾಯ್ತದ. ಅಂದ್ರ ಎಂಜಿನ್ ಜೋರಾದಾಗೇ ಎಲ್ಲೋ ಏನೋ ಆಗ್ಲತ್ತದ. ಜೋರಾದಾಗ ನಾ ಯಾವಾಗಲೂ ಸೀಟಿನಾಗ ಇರ್ತೇನಿ. ಮುಂದ ನಿಂತು ನೋಡಿದವರೇ ಇಲ್ಲ."

ನನಗೆ ಅರ್ಥವಾಯಿತು. ಮುಂದೆ ನಿಲ್ಲಬೇಕಾದವಳು ನಾನೇ.

"ನಾ ಕಾಲು ಒತ್ತತೇನಿ. ನೀ ಬಾನೆಟ್ ತೆಗೆದು ಒಳಗ ನೋಡು. ಬೆಲ್ಟ ನೋಡು, ಪೈಪ ನೋಡು, ಎಲ್ಲಾ ನೋಡು. ಫ್ಯಾನ್ ಹತ್ರ ಕೈ ಒಯ್ಯಬ್ಯಾಡ. ತಿರುಗುವಾಗ ಅದು ಕಣ್ಣಿಗಿ ಕಾಣೂದಿಲ್ಲ."

ಆ ಕಾರಿನ ಫ್ಯಾನಿಗೆ ಜಾಳಿಗೆ ಇರಲಿಲ್ಲ. ನಾಲ್ಕು ತಗಡಿನ ರೆಕ್ಕೆ, ಅಷ್ಟೆ. ಅವ್ವ ಓಡಿ ಬಂದು ನನ್ನ ಸೀರೆಯ ನೆರಿಗೆಯನ್ನೂ ಕಾಲಿನ ನಡುವೆ ತೆಗೆದು ಹಿಂದೆ ಕಚ್ಚೆ ಹಾಕಿದಳು. ಎಂಜಿನ್ ಚಾಲೂ ಆಯಿತು. ಅಪ್ಪ ಕಾಲು ಒತ್ತಿದ. ಸದ್ದು ಏರಿತು, ನೆಲ ಅದುರಿತು, ಫ್ಯಾನಿನ ರೆಕ್ಕೆಗಳು ಮಾಯವಾಗಿ ಬರೀ ಒಂದು ಬೂದು ಚಕ್ರ ಉಳಿಯಿತು. ಅದರ ಗಾಳಿ ನನ್ನ ಮುಖಕ್ಕೆ ಬಿಸಿಯಾಗಿ ಬಡಿಯುತ್ತಿತ್ತು. ಯಾವ ಗಳಿಗೆಯಲ್ಲಿ ಮುಚ್ಚಳ ಹಾರಿ ಕುದಿನೀರು ನನ್ನ ಕಣ್ಣಿಗೆ ಬರುತ್ತದೋ ಎಂದು ಅರ್ಧ ಕಣ್ಣು ಮುಚ್ಚಿ ನೋಡುತ್ತಿದ್ದೆ. ಅರ್ಧ ಕಣ್ಣಿಗೆ ಏನು ಕಾಣುತ್ತದೆ?

"ಏನ್ ಕಾಣ್ತದ?" ಎಂದು ಅಪ್ಪ ಒಳಗಿನಿಂದ ಕೂಗಿದ.

"ಏನೂ ಇಲ್ರಿ!"

"ಕೆಳಗ ಬಗ್ಗಿ ನೋಡು!"

ಒಂದು ಮೊಣಕಾಲು ನೆಲಕ್ಕೂರಿ, ಮುಖವನ್ನು ಮಡ್‌ಗಾರ್ಡಿನ ಪಕ್ಕಕ್ಕೆ ತಂದು, ಕಣ್ಣು ಪೂರ್ತಿ ತೆರೆದೆ. ಬೆಳಿಗ್ಗೆ ನಾನೇ ಬಿಚ್ಚಿ ಹಾಕಿದ ಕೆಳಗಿನ ರಬ್ಬರ್ ಪೈಪು, ರೇಡಿಯೇಟರಿನ ತಳದಿಂದ ಎಂಜಿನ್ನಿಗೆ ನೀರು ಹೋಗುವ ಪೈಪು, ಚಪ್ಪಟೆಯಾಗಿತ್ತು. ಉಸಿರು ಒಳಗೆಳೆದಾಗ ಕೆನ್ನೆ ಬತ್ತುವ ಹಾಗೆ ಅದರ ಎರಡೂ ಗೋಡೆ ಒಳಗೆ ಸೇರಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಪೈಪ ಬತ್ತ್ಯಾದ್ರಿ! ಕೆಳಗಿನ ಪೈಪ!"

ಅಪ್ಪ ಕಾಲು ತೆಗೆದ. ನನ್ನ ಕಣ್ಣೆದುರೇ ಪೈಪು ಮತ್ತೆ ದುಂಡಗಾಯಿತು, ಏನೂ ಆಗಿಯೇ ಇಲ್ಲದಂತೆ.

"ಈಗ ದುಂಡಗಾಯ್ತು!"

ಮತ್ತೆ ಒತ್ತಿದ. ಮತ್ತೆ ಬತ್ತಿತು. ಮೂರು ಸಲ ಹಾಗೆ ಮಾಡಿ ಅಪ್ಪ ಎಂಜಿನ್ ಬಂದ್ ಮಾಡಿದ. ಇಳಿದು ಬಂದು ಪೈಪನ್ನು ಎಡಗೈಯಿಂದ ಹಿಚುಕಿ ನೋಡಿದ. ಹಳೆಯ ರಬ್ಬರು ಒಳಗಿನಿಂದ ಮೆತ್ತಗಾಗಿತ್ತು. ಎಂಜಿನ್ ಜೋರಾದಾಗ ಪಂಪು ನೀರನ್ನು ಸೆಳೆಯುತ್ತದೆ, ಆ ಸೆಳೆತಕ್ಕೆ ಪೈಪು ಬತ್ತಿ ತಾನೇ ಗಂಟಲು ಮುಚ್ಚಿಕೊಳ್ಳುತ್ತದೆ. ನಿಂತಾಗ ನೋಡಿದರೆ ಏನೂ ದೋಷವಿಲ್ಲ. "ಸಾಹೇಬರ ಕಾಲದ ಪೈಪ," ಅಂದ ಅಪ್ಪ. "ನನಗ ಮೊದಲೇ ಹೊಳಿಬೇಕಿತ್ತು."

ಹೊಸ ಪೈಪು ಹೈದರಾಬಾದಿನಲ್ಲಿತ್ತು. ಅಪ್ಪ ಅಂಗಳದಲ್ಲಿ ಅತ್ತಿತ್ತ ನೋಡಿ, ಬಟ್ಟೆ ಒಣಹಾಕುವ ತಂತಿಯ ಮೇಲೆ ಕಣ್ಣು ನಿಲ್ಲಿಸಿದ. ದಪ್ಪನೆಯ ಕಬ್ಬಿಣದ ತಂತಿ. ಅವ್ವ ಬಟ್ಟೆಗಳನ್ನು ಎಳೆದು ನೆಲಕ್ಕೆ ಹಾಕಿ ತಂತಿ ಬಿಚ್ಚಿ ಕೊಟ್ಟಳು, ಜೊತೆಗೆ ಲಟ್ಟಣಿಗೆಯನ್ನೂ ಅಪ್ಪ ಕೇಳಿದ. ಲಟ್ಟಣಿಗೆಯ ಸುತ್ತ ತಂತಿಯನ್ನು ಒತ್ತೊತ್ತಾಗಿ ಸುತ್ತಬೇಕು. ಅಪ್ಪ ಒಂದು ತುದಿಯನ್ನು ಪಾದದಿಂದ ಮೆಟ್ಟಿ ಹಿಡಿದ, ಅವ್ವ ಲಟ್ಟಣಿಗೆ ತಿರುಗಿಸಿದಳು, ನಾನು ಇಕ್ಕಳದಿಂದ ತಂತಿ ಎಳೆದು ಬಿಗಿದೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಲಟ್ಟಣಿಗೆ ಹೊರಗೆಳೆದಾಗ ಗೇಣುದ್ದದ ಸ್ಪ್ರಿಂಗು ಉಳಿಯಿತು. ತಿರುವುತ್ತ ತಿರುವುತ್ತ ಅದನ್ನು ಪೈಪಿನೊಳಗೆ ಸೇರಿಸಿದೆವು. ಇನ್ನು ಬತ್ತಬೇಕೆಂದರೂ ತಂತಿ ಬಿಡುವುದಿಲ್ಲ. ಪೈಪು ಕೂಡಿಸಿ, ನೀರು ತುಂಬಿ, ಹೊತ್ತು ಮುಳುಗುವ ಮೊದಲು ಭಾಲ್ಕಿಯ ದಾರಿಯಲ್ಲಿ ಮೂರು ಮೈಲು ಹೋಗಿ ಬಂದೆವು. ಮುಳ್ಳು ಅರ್ಧದಲ್ಲಿ ನಿಂತಿತು.

"ಸಪಾಟ ರಸ್ತಿದಾಗ ನಿಂತದ," ಎಂದಷ್ಟೇ ಅಪ್ಪ ಹೇಳಿದ.

ಕತ್ತಲಲ್ಲಿ ಒಂದು ಕೈಯಿಂದ ಹೊಳೆಯ ಇಳಿಜಾರು ಇಳಿಸುವುದು ಆಗದೆಂದು ಅಪ್ಪ ಹೇಳಿದ್ದರಿಂದ ಮರುದಿನ ಬೆಳಕು ಹರಿಯುವಾಗ ಹೊರಟೆವು. ಅಪ್ಪ ಬಾನೆಟ್ಟಿನ ಎರಡು ಪಕ್ಕದ ತಗಡು ಬಿಚ್ಚಿಸಿಟ್ಟಿದ್ದ, ಗಾಳಿ ಆಡಲಿ ಎಂದು. ಹಿಂದೆ ನಾಲ್ಕು ಡಬ್ಬಿ ನೀರು. ಅವ್ವನನ್ನು ಕರೆದುಕೊಂಡು ಹೋಗಲಿಲ್ಲ, ಕಾರಿಗೆ ಭಾರ ಕಡಿಮೆಯಿರಲಿ ಎಂದು. ಬೀದರದಿಂದ ಮಾಂಜ್ರಾ ಹೊಳೆಯ ತನಕ ಇಳಿಜಾರು. ಇಳಿಯುವಾಗ ಅಪ್ಪ ಒಂದೇ ಮಾತು ಹೇಳಿದ: "ಬರೂವಾಗ ಇದು ಏರು." ನಾನು ಆಮೇಲೆ ದಾರಿ ನೋಡಲಿಲ್ಲ, ಮುಳ್ಳನ್ನೇ ನೋಡಿದೆ.

ಅಕ್ಕನ ಗಂಡ ಔರಾದದ ಸಾಲೆಯಲ್ಲಿ ಮಾಸ್ತರ. ಬಾಗಿಲು ತೆರೆದವರು ಅವರೇ. ಕಾರು ನೋಡಿ, ಅಪ್ಪನ ಕೈ ನೋಡಿ, ಯಾವುದನ್ನು ಮೊದಲು ಕೇಳಬೇಕೆಂದು ತಿಳಿಯದೆ ನಿಂತರು. ಅಕ್ಕ ಕತ್ತಲೆ ಕೋಣೆಯಲ್ಲಿ ಒದ್ದೆ ಬಟ್ಟೆ ಹಣೆಗೆ ಕಟ್ಟಿಕೊಂಡು ಮಲಗಿದ್ದಳು. ಮುಖ ಬಾತು ಕಣ್ಣು ಸಣ್ಣಗಾಗಿದ್ದವು. ನಾನು ಹತ್ತಿರ ಹೋಗಿ ನಿಂತರೂ, "ಯಾರದು?" ಎಂದು ಕೇಳಿದಳು.

"ನಾ ಅಕ್ಕಾ."

"ನೀನಾ? ನಿನ್ನ ಅರ್ಧ ಮಾರಿನೇ ಕಾಣವಲ್ದು ನನಗ," ಎಂದು ನಕ್ಕಳು.

ನಾನು ಹೊರಗೆ ಬಂದು, "ಮಾಮಾ, ಈಗಿಂದೀಗ ಒಯ್ಯಬೇಕ್ರಿ," ಅಂದೆ.

"ಬಿಸಲು ಇಳಿದ ಮ್ಯಾಲ ಹೋದ್ರ ಹ್ಯಾಂಗ್ರಿ? ಗಾಡಿ ಬ್ಯಾರೆ ಕಾಯ್ತದ ಅಂತೀರಿ."

"ಗಾಡಿ ಕಾದ್ರ ಆರ್ತದ," ಎಂದ ಅಪ್ಪ. "ನಡೀರಿ."

ಹಿಂದಿನ ಸೀಟಿನಲ್ಲಿ ಅಕ್ಕನನ್ನು ಎಡಮಗ್ಗುಲಾಗಿ ಮಲಗಿಸಿ, ತಲೆಯನ್ನು ಅವಳ ಗಂಡನ ತೊಡೆಯ ಮೇಲೆ ಇರಿಸಿದೆ. ಒಂದು ಚಮಚಕ್ಕೆ ಬಟ್ಟೆ ಸುತ್ತಿ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದು ಯಾಕೆ ಎಂದು ಅವರು ಕೇಳಿದರು. ನಾನು ಮುಂದೆ ಹೋಗಿ ಗೇರಿನ ಪಕ್ಕ ಕೂತೆ. ಹೊಳೆ ದಾಟುವ ತನಕ ಅಕ್ಕ ನರಳುತ್ತ, ನಡುನಡುವೆ ಏನೇನೋ ಮಾತಾಡುತ್ತ ಬಂದಳು. ಹೊಳೆಯ ದಂಡೆಯಲ್ಲಿ ನಿಲ್ಲಿಸಿ, ಗೋಣಿತಾಟಿನ ಮೇಲೆ ನೀರು ಹೊಯ್ದು ರೇಡಿಯೇಟರಿನ ಮುಂದೆ ಒರೆಸಿದೆವು. ಆಮೇಲೆ ಏರು ಶುರುವಾಯಿತು.

ಅರ್ಧ ಏರು ಹತ್ತಿದ್ದೆವು. ಮುಳ್ಳು ಮುಕ್ಕಾಲಿಗೆ ಬಂದಿತ್ತು. ಹಿಂದಿನಿಂದ ಅಕ್ಕನ ಮಾತು ನಿಂತಿತು. ಆಮೇಲೆ ಅವಳ ಗಂಡ ಕೂಗಿದರು: "ಇಕಿ ಹ್ಯಾಂಗೋ ಮಾಡ್ಲತ್ತಾಳ್ರಿ! ಕಣ್ಣು ಮ್ಯಾಲ ಹೋದ್ವು!"

ನಾನು ತಿರುಗಿ ನೋಡಿದೆ. ಬಾಯಿಯ ಒಂದು ಮೂಲೆ ಎಳೆಯುತ್ತಿತ್ತು. ಅದೇ. ನನ್ನ ಬಲಗೈ ಇನ್ನೂ ಗೇರಿನ ಮೇಲಿತ್ತು, ಅದನ್ನು ಬಿಟ್ಟರೆ ಕಾರು ನಿಲ್ಲುತ್ತದೆ, ಏರಿನಲ್ಲಿ ನಿಂತ ಕಾರು ಮತ್ತೆ ಹೊರಡುತ್ತದೋ ಇಲ್ಲವೋ.

"ಎರಡನೇದಕ್ಕ ಹಾಕು," ಅಂದ ಅಪ್ಪ. ದನಿ ಏರಿಸಲಿಲ್ಲ. "ಹಾಕಿ ಹಿಂದ ಹೋಗು. ಮತ್ತ ಗೇರ್ ಬ್ಯಾಡ ನನಗ. ಮ್ಯಾಲಿನ ತನಕ ಎರಡನೇದಾಗೇ ಒಯ್ತೇನಿ."

ಮುಂದಕ್ಕೆ ನೂಕಿ ಹಾಕಿದೆ. ಎಂಜಿನ್ ಅರಚಿತು. ನಾನು ಸೀಟಿನ ಮೇಲಿನಿಂದ ದಾಟಿ ಹಿಂದೆ ಬಿದ್ದು, ಅಕ್ಕನ ಹಲ್ಲುಗಳ ನಡುವೆ ಚಮಚ ಇಟ್ಟು, ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದೆ. ಅವಳ ಮೈ ಬಿಲ್ಲಿನಂತೆ ಬಾಗಿ ಅದುರಿತು. ಮುಖ ನೀಲಿಯಾಯಿತು. ಅವಳ ಗಂಡ ದೇವರ ಹೆಸರು ಹೇಳುತ್ತ ಅಳುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ಯಾರ ಉಸಿರೂ ಕೇಳುತ್ತಿರಲಿಲ್ಲ. ಹಿಂದಿನ ದಿನ ಪೈಪು ಬತ್ತಿದ್ದು ಇಂಥ ಅರಚಾಟದಲ್ಲೇ ಎಂದು ನನಗೆ ಗೊತ್ತಿತ್ತು. ಮುಳ್ಳು ನೋಡಲು ಆಗುತ್ತಿರಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಈಗ ಕುದಿಯುತ್ತದೆ, ಈಗ ನಿಲ್ಲುತ್ತದೆ ಎಂದು ಕಾದೆ. ಯಾವಾಗ ಅಕ್ಕನ ಮೈ ಸಡಿಲಾಯಿತೋ, ಯಾವಾಗ ಅವಳು ಗೊರಗೊರ ಎಂದು ಉಸಿರು ಎಳೆದುಕೊಂಡಳೋ ತಿಳಿಯದು. ತಲೆ ಎತ್ತಿದಾಗ ರಸ್ತೆ ಸಪಾಟಾಗಿತ್ತು. ದೂರದಲ್ಲಿ ಬೀದರದ ಕೋಟೆ ಗೋಡೆ ಕಾಣುತ್ತಿತ್ತು.

"ಅಪ್ಪಾ, ಮುಳ್ಳು?"

"ಗೆರಿ ಹತ್ರ ಬಂತು. ದಾಟಲಿಲ್ಲ," ಅಂದ. ಅವನ ಕುತ್ತಿಗೆಯ ಹಿಂದೆ ಬೆವರು ಸುರಿದು ಅಂಗಿ ಪೂರ್ತಿ ತೊಯ್ದಿತ್ತು. ಬಲಗೈಯ ಪಟ್ಟಿಯಲ್ಲಿ ಹೊಸ ರಕ್ತ. ತಿರುವುಗಳಲ್ಲಿ ಸುಟ್ಟ ಕೈಯನ್ನೂ ಸ್ಟೀರಿಂಗಿಗೆ ಒತ್ತಿದ್ದ.

ದವಾಖಾನೆಯಲ್ಲಿ ಡಾಕ್ಟರಮ್ಮ ಒಂದು ಮಾತು ಕೇಳದೆ ಅಕ್ಕನನ್ನು ಒಳಗೆ ತೆಗೆದುಕೊಂಡರು. ಇನ್ನೊಂದು ಸಲ ಫಿಟ್ಸ್ ಬಂತು, ಅಲ್ಲಿ ಅದಕ್ಕೆ ಸೂಜಿ ಇತ್ತು. ಎರಡನೆಯ ದಿನ ಸಂಜೆ ಹೆಣ್ಣುಮಗು ಹುಟ್ಟಿತು, ಅಂಗೈಯಗಲದ್ದು, ಅಳಲೂ ಬಾರದ್ದು. ಅದನ್ನು ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಶೀಷೆಗಳ ನಡುವೆ ಇಟ್ಟು, ಹನಿ ಹನಿ ಹಾಲು ಹಾಕಿ ಬದುಕಿಸಿದೆವು. ಉಳಿಯುತ್ತದೋ ಇಲ್ಲವೋ ಎಂದು ತಿಂಗಳ ತನಕ ಪ್ರತಿ ಬೆಳಿಗ್ಗೆ ವಾರ್ಡಿನ ಬಾಗಿಲು ತಳ್ಳುವ ಮೊದಲು ನಾನು ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಉಳಿಯಿತು.

ಅಕ್ಕನಿಗೆ ಆ ದಿನದ ಯಾವ ನೆನಪೂ ಉಳಿಯಲಿಲ್ಲ. ಕಾರು ಬಂದದ್ದು, ಹೊಳೆ, ಏರು, ಏನೂ ಇಲ್ಲ. ಔರಾದದ ಕೋಣೆಯಲ್ಲಿ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ, ಕಣ್ಣು ತೆರೆದರೆ ಬೀದರದಲ್ಲಿದ್ದೆ ಎನ್ನುತ್ತಿದ್ದಳು. ಎಷ್ಟೋ ವರ್ಷದ ಮೇಲೂ ಅವಳು ನನ್ನನ್ನು ಕೇಳುತ್ತಿದ್ದಳು: "ಏನೇನು ಆಯ್ತು ಹೇಳಬಾರದಾ?" ನಾನು ಹೇಳಲು ಕೂತು, ಏರಿನ ತನಕ ಬಂದು, ಅಲ್ಲಿಂದ ಮುಂದೆ ಹೇಳಲಾಗದೆ ಬೇರೆ ಮಾತಿಗೆ ಹೋಗುತ್ತಿದ್ದೆ.